ಯಾರು ಮೊದಲು ಎದ್ದು ಹೋಗುತ್ತಾರೆ? ಮೂರು ತಲೆಮಾರಿಗೆ ಒಂದು ಸಿನಿಮಾ ಸರಣಿ ಆರಿಸುವ ಬಗೆ

ಡೊಂಬಿವಲಿಯ ಫ್ಲ್ಯಾಟ್ ಇರಲಿ, ಪುಣೆಯ ಕೋಥ್ರೂಡ್ ಇರಲಿ, ಗೋವಾದ ವಾಸ್ಕೋ ಇರಲಿ, ಊರಿನಿಂದ ಅಜ್ಜ–ಅಜ್ಜಿ ಬಂದು ಮಕ್ಕಳಿಗೆ ರಜೆಯೂ ಕೂಡಿಬಂದರೆ ಭಾನುವಾರ ಊಟ ಮುಗಿಯುತ್ತಲೇ ಏಳುವ ಮಾತು ಒಂದೇ: ಎಲ್ಲರೂ ಕೂತು ನೋಡುವಂಥದ್ದು ಏನಾದರೂ ಹಾಕಿ. ಮೊಮ್ಮಗ ಮಾರ್ವೆಲ್ ಅನ್ನುತ್ತಾನೆ, ಅಜ್ಜ ರಾಜ್‌ಕುಮಾರ್ ಅನ್ನುತ್ತಾರೆ, ನಡುವಿನವರು ಮೊಬೈಲ್ ತೀಡುತ್ತಾ ‘ಯಾವುದಾದರೂ ಸರಿ’ ಅನ್ನುತ್ತಾರೆ. ಯಾವುದಾದರೂ ಸರಿ ಅಂದವರೇ ಅರ್ಧ ಗಂಟೆಗೆ ಗೊರಕೆ ಹೊಡೆಯುವುದು.

ಸಾಮಾನ್ಯವಾಗಿ ಯಾರ ಆಸೆ ದೊಡ್ಡದೋ ಅವರ ಸಿನಿಮಾ ಗೆಲ್ಲುತ್ತದೆ. ಆಮೇಲೆ ಒಬ್ಬೊಬ್ಬರೇ ಏಳುತ್ತಾರೆ. ಹಾಗಾಗಿ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕಿ: ನಿಮ್ಮ ಮನೆಯಲ್ಲಿ ಮೊದಲು ಎದ್ದು ಹೋಗುವವರು ಯಾರು, ಯಾತಕ್ಕೆ? ಅಜ್ಜಿ ಏಳುವುದು ಭಾಷೆ ತಿಳಿಯದ್ದಕ್ಕೆ ಅಥವಾ ಮಂಡಿ ಹಿಡಿದದ್ದಕ್ಕೆ. ಆರು ವರ್ಷದ ಮಗು ಹೆದರಿಕೆಗೆ. ಹದಿನಾಲ್ಕರ ಹುಡುಗಿ ‘ಇದು ಸಣ್ಣ ಮಕ್ಕಳದ್ದು’ ಎಂಬ ಮುಜುಗರಕ್ಕೆ. ಅಪ್ಪ ಫೋನ್ ಬಂತೆಂದು. ಅವರನ್ನು ಕೂರಿಸಿಕೊಳ್ಳುವ ಸರಣಿ ಸಿಕ್ಕರೆ ಉಳಿದವರು ಹೇಗೂ ಕೂರುತ್ತಾರೆ.

ಸರಣಿಗಳು ಮನೆಮಂದಿಯನ್ನೆಲ್ಲ ಹಿಡಿಯುವುದು ಹೇಗೆ

ದೊಡ್ಡ ಸರಣಿಗಳ ಮೇಲೆ ಹಣ ಸುರಿಯುವವರ ಲೆಕ್ಕ ಸರಳ. ಒಬ್ಬ ಬರುವ ಕಡೆ ಐವರು ಬರಬೇಕು. ಅದಕ್ಕೆ ಅವರು ಬಳಸುವ ದಾರಿಗಳು ಬೇರೆ ಬೇರೆ. ನೀವು ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಒಂದು ದಾರಿ, ಪ್ರತಿ ವಯಸ್ಸಿನವರಿಗೂ ತೆರೆಯ ಮೇಲೆ ತಮ್ಮವರೊಬ್ಬರನ್ನು ಇಡುವುದು. ‘ಜುರಾಸಿಕ್ ಪಾರ್ಕ್’ನಲ್ಲಿ ಉತ್ಸಾಹ ತಡೆಯದ ಅಜ್ಜ ಹ್ಯಾಮಂಡ್ ಇದ್ದಾನೆ, ಮೊಮ್ಮಕ್ಕಳಾದ ಲೆಕ್ಸ್ ಮತ್ತು ಟಿಮ್ ಇದ್ದಾರೆ, ನಡುವೆ ಮಕ್ಕಳೆಂದರೆ ಆಗದ ವಿಜ್ಞಾನಿ ಗ್ರ್ಯಾಂಟ್ ಇದ್ದಾನೆ. ಸೋಫಾದ ಮೇಲಿನ ಮೂರು ತಲೆಮಾರೂ ಒಳಗಿದೆ. ಇನ್ನೊಂದು ದಾರಿ, ವರ್ಷ ಕಳೆದಂತೆ ಪಾತ್ರಕ್ಕೂ ವಯಸ್ಸಾಗುವುದು. 2001ರಲ್ಲಿ ಬಾಲಕನಾಗಿದ್ದ ಹ್ಯಾರಿ ಪಾಟರ್ 2011ಕ್ಕೆ ಮೀಸೆ ಮೂಡಿದ ಯುವಕ. ಮತ್ತೊಂದು, ಪಾತ್ರವನ್ನು ಹಾಗೇ ಇಟ್ಟು ನಟನನ್ನು ಬದಲಿಸುವುದು. 2002ರ ಸ್ಪೈಡರ್‌ಮ್ಯಾನ್ ಟೋಬಿ ಮೆಗ್ವೈರ್, 2012ರದ್ದು ಆ್ಯಂಡ್ರ್ಯೂ ಗಾರ್ಫೀಲ್ಡ್, 2016ರಿಂದ ಟಾಮ್ ಹಾಲೆಂಡ್. ಮೂವರನ್ನೂ ಒಂದೇ ಚೌಕಟ್ಟಿಗೆ ತಂದ 2021ರ ಸಿನಿಮಾದಲ್ಲಿ ಹೆಚ್ಚು ಸೀಟಿ ಹಾಕಿದ್ದು, ಮೊದಲನೆಯವನನ್ನು ಕಾಲೇಜಿಗೆ ಚಕ್ಕರ್ ಹೊಡೆದು ನೋಡಿದ್ದ ಅಪ್ಪಂದಿರೇ ಇರಬೇಕು.

ನಾಲ್ಕನೆಯ ದಾರಿ ನಮ್ಮ ದೇಶದ್ದೇ: ಒಂದೇ ಕಥೆ ಭಾಷೆಯಿಂದ ಭಾಷೆಗೆ ಹಬ್ಬುವುದು. ಹೊರನಾಡ ಕನ್ನಡಿಗರ ಮನೆಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಅದನ್ನೇ ಮೊದಲು ನೋಡೋಣ.

ಒಂದೇ ಕಥೆ, ಅಜ್ಜಿಗೆ ಕನ್ನಡದಲ್ಲಿ, ಮೊಮ್ಮಗಳಿಗೆ ಹಿಂದಿಯಲ್ಲಿ

1993ರ ಮಲಯಾಳಂ ಚಿತ್ರವೊಂದರ ಕಥೆ 2004ರಲ್ಲಿ ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ಬಂತು, 2005ರಲ್ಲಿ ತಮಿಳಿಗೆ, 2007ರಲ್ಲಿ ಹಿಂದಿಗೆ ‘ಭೂಲ್ ಭುಲಯ್ಯಾ’ ಆಗಿ. ಅಜ್ಜಿಗೆ ಅವಳು ನಾಗವಲ್ಲಿ, ಮೊಮ್ಮಗಳಿಗೆ ಮಂಜುಲಿಕಾ. ಬೀಗ ಹಾಕಿದ ಕೋಣೆ, ಗೆಜ್ಜೆ ಸದ್ದು, ತಿರುಗಿ ನೋಡುವ ಕಣ್ಣು, ಎಲ್ಲ ಅದೇ. ಇಬ್ಬರೂ ತಂತಮ್ಮದೇ ಮೂಲ ಎಂದು ವಾದಿಸುತ್ತಾ ನೋಡಬಹುದು. ವಾದ ಮಾಡುವವರು ಎದ್ದು ಹೋಗುವುದಿಲ್ಲ.

ಆರಿಸುವಾಗ ಒಂದು ಎಚ್ಚರ ಬೇಕು. ಮೊದಲ ಕಥೆಯ ಗಂಟನ್ನು ಬಿಡಿಸುವವನು ಮನೋವೈದ್ಯ. ಹಿಂದಿಯ 2022 ಮತ್ತು 2024ರ ಭಾಗಗಳು ಹೆಸರನ್ನಷ್ಟೇ ಉಳಿಸಿಕೊಂಡ ಹೊಸ ಕಥೆಗಳು. ನಾಯಕನೂ ಬೇರೆ, ದೆವ್ವವನ್ನು ತಮಾಷೆಗೆ ಬೆರೆಸಿದ ಬಗೆಯೂ ಬೇರೆ. ‘ಆಪ್ತಮಿತ್ರ ನೋಡಿದ್ದೀರಲ್ಲ, ಇದು ಅದರ ಮುಂದಿನದು’ ಎಂದು ಹಿರಿಯರನ್ನು 2022ರದ್ದಕ್ಕೆ ಕೂರಿಸಿದರೆ ಹತ್ತು ನಿಮಿಷಕ್ಕೆ ‘ಸೌಂದರ್ಯ ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಕನ್ನಡದಲ್ಲೇ ಮುಂದುವರಿಯಬೇಕಿದ್ದರೆ 2010ರ ‘ಆಪ್ತರಕ್ಷಕ’ ಇದೆ. ಆದರೆ ಅದು ವಿಷ್ಣುವರ್ಧನ್ ತೀರಿಕೊಂಡ ಮೇಲೆ ತೆರೆಗೆ ಬಂದದ್ದು. ಅವರ ಅಭಿಮಾನಿ ಅತ್ತೆಯೋ ಮಾವನೋ ಇದ್ದರೆ ಕಥೆಗಿಂತ ಹೆಚ್ಚು ಅವರನ್ನೇ ನೋಡುತ್ತಾ ಕೂರುತ್ತಾರೆ. ಮಕ್ಕಳು ಎಂಟು ದಾಟಿರಲಿ. ರಾತ್ರಿ ಹಾಕಬೇಡಿ, ಮಧ್ಯಾಹ್ನ ಹಾಕಿ. ಭಯ ಹುಟ್ಟಿಸುವುದು ತೆರೆಗಿಂತ ಹೆಚ್ಚು, ಸಿನಿಮಾ ಮುಗಿದ ಮೇಲೆ ದಾಟಬೇಕಾದ ಕತ್ತಲೆಯ ಪಡಸಾಲೆ.

ಇದೇ ಜಾತಿಯ ಇನ್ನೊಂದು ‘ದೃಶ್ಯ’. 2013ರಲ್ಲಿ ಮಲಯಾಳಂ, 2014ರಲ್ಲಿ ರವಿಚಂದ್ರನ್ ಅವರ ಕನ್ನಡ, 2015ರಲ್ಲಿ ಹಿಂದಿ. ಕನ್ನಡದ್ದನ್ನು ನಿರ್ದೇಶಿಸಿದವರು ‘ಆಪ್ತಮಿತ್ರ’ದ ಪಿ. ವಾಸು ಅವರೇ. ಹಿಂದಿಯದ್ದು ನಡೆಯುವುದು ಗೋವಾದಲ್ಲಿ, ಹಾಗಾಗಿ ಪಣಜಿ, ಮಡಗಾಂವ್ ಕಡೆಯ ಮನೆಗಳಲ್ಲಿ ಇದಕ್ಕೆ ಬೇರೆಯೇ ಸಲಿಗೆ. ನಾಯಕ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕೇಬಲ್ ಟಿವಿ ನಡೆಸುವವನು, ತಿಳಿದದ್ದೆಲ್ಲ ಸಿನಿಮಾ ನೋಡಿಯೇ. ಮನೆಯವರನ್ನು ಕಾಪಾಡಲು ಅವನಿಗಿರುವ ಆಯುಧಗಳೆಂದರೆ ಬಸ್ ಟಿಕೆಟ್, ಹೋಟೆಲ್ ಬಿಲ್, ಒಂದೇ ಮಾತನ್ನು ಎಷ್ಟು ಸಲ ಕೇಳಿದರೂ ಹಾಗೇ ಹೇಳುವ ಅಭ್ಯಾಸ. ಅಜ್ಜನಿಗೆ ಇದರಲ್ಲಿ ಒಬ್ಬ ಜಾಣ ಸಂಸಾರಸ್ಥ ಕಾಣುತ್ತಾನೆ, ಹದಿನಾರರ ಹುಡುಗನಿಗೆ ಪೊಲೀಸರನ್ನು ಆಟ ಆಡಿಸುವ ಪತ್ತೇದಾರಿ. ಅದಕ್ಕೇ ಇಬ್ಬರೂ ಕೂರುತ್ತಾರೆ.

ಆದರೆ ಕಥೆಗೆ ಕಿಚ್ಚು ಹಚ್ಚುವುದು ಹದಿಹರೆಯದ ಮಗಳ ಸ್ನಾನದ ವಿಡಿಯೊ ಮತ್ತು ಬೆದರಿಕೆ. ಹತ್ತರ ಒಳಗಿನ ಮಕ್ಕಳು ‘ಏನಾಯಿತು?’ ಎಂದು ಕೇಳಿದಾಗ ಹೇಳುವ ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ, ಇಲ್ಲವೇ ಹದಿಮೂರು ದಾಟಿದವರ ಜೊತೆಗಷ್ಟೇ ನೋಡಿ. ಎರಡನೆಯ ಭಾಗ ಕನ್ನಡದಲ್ಲಿ 2021ರಲ್ಲಿ, ಹಿಂದಿಯಲ್ಲಿ 2022ರಲ್ಲಿ ಬಂದಿದೆ. ಇಲ್ಲಿ ಮಾತ್ರ ಭಾಷೆ ಬೆರೆಸಿದರೂ ನಡೆಯುತ್ತದೆ: ಮೊದಲನೆಯದನ್ನು ಕನ್ನಡದಲ್ಲಿ, ಎರಡನೆಯದನ್ನು ಹಿಂದಿಯಲ್ಲಿ ನೋಡಿದವರಿಗೂ ಕಥೆ ಕೈತಪ್ಪುವುದಿಲ್ಲ. ಹೆಸರುಗಳನ್ನಷ್ಟೇ ಬದಲಿಸಿಕೊಳ್ಳಬೇಕು.

2011ರ ಮಾತು. ಒಂದೇ ತಮಿಳು ಕಥೆ ಕನ್ನಡದಲ್ಲಿ ಸುದೀಪ್ ಅವರ ‘ಕೆಂಪೇಗೌಡ’ ಆಯಿತು, ಹಿಂದಿಯಲ್ಲಿ ‘ಸಿಂಗಂ’. ಹಿಂದಿಯದ್ದು ಗೋವಾದಲ್ಲಿ ನಡೆಯುತ್ತದೆ, ಖಳ ನಮ್ಮ ಪ್ರಕಾಶ್ ರಾಜ್. ಅಲ್ಲಿಂದ ಮುಂದೆ ಅದು 2014, 2018, 2021, 2024 ಎಂದು ಪೊಲೀಸರದ್ದೇ ದೊಡ್ಡ ಸಂಸಾರವಾಗಿ ಬೆಳೆಯಿತು. ಮೊದಲನೆಯದು ಒಂದೇ ನೋಡಿದರೆ ಸಾಕು. ಮುಂದಿನವುಗಳಲ್ಲಿ ಕಾರು ಹಾರುವುದು ಹೆಚ್ಚುತ್ತಾ ಹೋಗುತ್ತದೆ, ಪ್ರಕಾಶ್ ರಾಜ್ ಇರುವುದಿಲ್ಲ.

ಮುಂಬೈ, ಪುಣೆ, ಗೋವಾದ ನೆಲದ ಸರಣಿಗಳು

ಈ ಪಟ್ಟಿಯಲ್ಲಿ ಒಂದನ್ನೇ ಹೇಳಿ ಎಂದರೆ ಮುನ್ನಾಭಾಯಿ. 2003ರ ಮೊದಲ ಭಾಗದಲ್ಲಿ ತಂದೆಯಾಗಿ ಸುನೀಲ್ ದತ್, ಮಗನಾಗಿ ಅವರ ನಿಜವಾದ ಮಗ ಸಂಜಯ್ ದತ್. ಅಜ್ಜನಿಗೆ ಸುನೀಲ್ ದತ್ ಗೊತ್ತು, ಅಪ್ಪನಿಗೆ ಸಂಜಯ್ ದತ್ ಗೊತ್ತು, ಮೊಮ್ಮಗನಿಗೆ ‘ಇವನೇ ಕೆಜಿಎಫ್ ಎರಡನೇ ಭಾಗದ ಅಧೀರ’ ಎಂದರೆ ಸಾಕು. ಭಾಷೆ ಮುಂಬೈ ಬೀದಿಯ ಹಿಂದಿ. ಇಲ್ಲಿ ಒಂದು ವರ್ಷ ಇದ್ದವರಿಗೂ ಕಿವಿಗೆ ಬಿದ್ದಿರುವಂಥದ್ದು. 2006ರ ಎರಡನೆಯ ಭಾಗದಲ್ಲಿ ಗಾಂಧೀಜಿಯೇ ಬಂದು ಮಾತಾಡುತ್ತಾರೆ; ಪಾಠದಲ್ಲಿ ಓದುವ ಮಗುವಿಗೂ, ಖಾದಿಯ ಕಾಲ ಕೇಳಿ ಬಲ್ಲ ಅಜ್ಜನಿಗೂ ನಡುವೆ ಮಾತು ಹುಟ್ಟಲು ಇಷ್ಟು ಸಾಕು. ಎರಡು ಭಾಗವೂ ಸ್ವತಂತ್ರ, ಯಾವುದನ್ನು ಮೊದಲು ನೋಡಿದರೂ ನಡೆಯುತ್ತದೆ. ಕನ್ನಡದಲ್ಲೇ ಬೇಕೆಂದರೆ ಉಪೇಂದ್ರ ಅವರ 2006ರ ‘ಉಪ್ಪಿದಾದ ಎಂಬಿಬಿಎಸ್’ ಇದೆ, ಆದರೆ ತಂದೆ–ಮಗನ ಆ ನಿಜದ ಕಾವು ಮೂಲದಲ್ಲಿ ಮಾತ್ರ.

ನಗಲಿಕ್ಕಷ್ಟೇ ಬೇಕಾದರೆ ‘ಗೋಲ್‌ಮಾಲ್’. ನಾಲ್ಕು ಭಾಗ: 2006, 2008, 2010, 2017. ನಿರ್ದೇಶಕ ರೋಹಿತ್ ಶೆಟ್ಟಿ, ತುಳುನಾಡಿನಿಂದ ಬಂದು ಹಿಂದಿ ಚಿತ್ರರಂಗದಲ್ಲಿ ಸಾಹಸ ನಿರ್ದೇಶಕರಾಗಿ ಹೆಸರಾದ ಎಂ.ಬಿ. ಶೆಟ್ಟಿಯವರ ಮಗ. ಇದರಲ್ಲಿ ತುಷಾರ್ ಕಪೂರನ ಪಾತ್ರಕ್ಕೆ ಮಾತೇ ಬರುವುದಿಲ್ಲ, ಕೈಬಾಯಿ ಸನ್ನೆಯಲ್ಲೇ ನಗಿಸುತ್ತಾನೆ. ಹಿಂದಿ ಬಾರದ ಅಜ್ಜಿಗೂ, ಮೂರು ವರ್ಷದ ಮಗುವಿಗೂ ಮೊದಲು ಅರ್ಥವಾಗುವವನು ಇವನೇ. ಮೂರು ತಲೆಮಾರಿಗಾದರೆ ಮೂರನೆಯ ಭಾಗವನ್ನೇ ಹಿಡಿಯಿರಿ. ಗೋವಾದಲ್ಲಿ ನಡೆಯುತ್ತದೆ, ಜೊತೆಗೆ ಮಿಥುನ್ ಚಕ್ರವರ್ತಿ ಇದ್ದಾರೆ. ಎಂಬತ್ತರ ದಶಕದಲ್ಲಿ ಕುಣಿದವರು ಎದ್ದರೂ ಕುಣಿಯಲಿಕ್ಕೇ ಏಳುತ್ತಾರೆ.

ಪುಣೆಯ ಮನೆಗಳಲ್ಲಿ ಮರಾಠಿ ಹಿಂದಿಗಿಂತ ಹತ್ತಿರ. ಅಂಥವರಿಗೆ ‘ಮುಂಬಯಿ–ಪುಣೆ–ಮುಂಬಯಿ’ ಸರಣಿ: 2010, 2015, 2018. ಮೊದಲನೆಯದರಲ್ಲಿ ಮುಂಬೈಯ ಹುಡುಗಿ, ಪುಣೆಯ ಹುಡುಗ ಇಬ್ಬರೇ ಪುಣೆ ಸುತ್ತುತ್ತಾ ಜಗಳವಾಡುತ್ತಾರೆ. ಎರಡನೆಯದರಲ್ಲಿ ಮದುವೆ, ಹಾಗಾಗಿ ಎರಡೂ ಮನೆಯ ಹಿರಿಯರು ಬರುತ್ತಾರೆ. ಮೂರನೆಯದರಲ್ಲಿ ಮಗುವಿನ ಮಾತು. ಇಬ್ಬರಿಂದ ಶುರುವಾದ ಕಥೆಗೆ ಭಾಗದಿಂದ ಭಾಗಕ್ಕೆ ಒಂದೊಂದು ತಲೆಮಾರು ಸೇರುತ್ತದೆ. ಮೂರು ತಲೆಮಾರು ಒಟ್ಟಿಗೆ ಕೂತಿದ್ದರೆ ಎರಡನೆಯದರಿಂದ ಶುರು ಮಾಡಿದರೂ ತಪ್ಪಿಲ್ಲ. ಸಣ್ಣ ಮಕ್ಕಳಿಗೆ ಇದರಲ್ಲಿ ಏನೂ ಇಲ್ಲ, ಅವರನ್ನು ಆಡಲು ಬಿಡಿ.

ಕೆಜಿಎಫ್ ಮತ್ತು ಕಾಂತಾರ

ಕನ್ನಡದ ಹೆಮ್ಮೆ ಎಂದು ಈ ಎರಡನ್ನು ಕಣ್ಣುಮುಚ್ಚಿ ಹಾಕುವವರು ಹೆಚ್ಚು. ಎರಡೂ ಒಂದೇ ಸಂಸ್ಥೆಯವು. ಮನೆಮಂದಿಗೆ ಒಗ್ಗುವ ಬಗೆ ಮಾತ್ರ ಬೇರೆ.

ಕೆಜಿಎಫ್ 2018 ಮತ್ತು 2022ರದ್ದು. 155 ಮತ್ತು 168 ನಿಮಿಷ. ಕಥೆಯನ್ನು ಒಬ್ಬ ಪತ್ರಕರ್ತನ ಪುಸ್ತಕದಿಂದ ಬಿಡಿಸಿ ಹೇಳುವ ಕಾರಣ ಕಾಲ ಹಿಂದೆ ಮುಂದೆ ಹಾರುತ್ತಲೇ ಇರುತ್ತದೆ. ಹಿರಿಯರು ದಾರಿ ತಪ್ಪುವುದು ಇಲ್ಲೇ, ರಕ್ತಪಾತದಲ್ಲಿ ಅಲ್ಲ. ಮೊದಲ ಭಾಗದಲ್ಲಿ ಕಥೆ ಹೇಳುವ ಧ್ವನಿ ಅನಂತ್ ನಾಗ್ ಅವರದ್ದು, ಅದನ್ನು ಹಿಡಿದುಕೊಂಡು ಹೋದರೆ ದಾರಿ ಸಿಗುತ್ತದೆ. ಅದಕ್ಕೇ ಹಿಂದಿ ಅಥವಾ ಬೇರೆ ಭಾಷೆಯಲ್ಲಿ ನೋಡಿದವರಿಗೆ ಆ ಸುಖ ಇಲ್ಲ. ಮೊದಲ ಅರ್ಧದಲ್ಲಿ ಹಳೆಯ ಬೊಂಬಾಯಿ ಇದೆ. ಇಲ್ಲಿ ಐವತ್ತು ವರ್ಷ ದುಡಿದ ಹೋಟೆಲು, ಗೋದಿಯ (ಹಡಗುಕಟ್ಟೆಯ) ಹಿರಿಯರಿಗೆ ಅದು ಆಸಕ್ತಿ ಹುಟ್ಟಿಸುತ್ತದೆ. ಹನ್ನೆರಡರ ಕೆಳಗಿನವರಿಗೆ ಬೇಡ.

ಕಾಂತಾರದ ಮಾತು ಬೇರೆ. 2022ರ ಚಿತ್ರದಲ್ಲಿ ಒಂದು ನೆಲದ ಕಥೆ 1847ರ ರಾಜನಿಂದ 1970ಕ್ಕೆ, ಅಲ್ಲಿಂದ 1990ಕ್ಕೆ ಇಳಿದು ಬರುತ್ತದೆ. ಕಾಲ ಹಾರಿದರೂ ನೇರವಾಗಿ ಮುಂದಕ್ಕೇ ಹಾರುತ್ತದೆ, ಹಾಗಾಗಿ ಹಿರಿಯರಿಗೆ ಗೊಂದಲವಿಲ್ಲ. ಮುಂಬೈಯ ತುಳುವರ ಮನೆಗಳಲ್ಲಿ ಅಜ್ಜಿಗೆ ಇದು ಸಿನಿಮಾಕ್ಕಿಂತ ದೈವಾರಾಧನೆಯ ಕೋಲಕ್ಕೆ ಹತ್ತಿರ. ಪಂಜುರ್ಲಿ ದೈವ ಬರುವ ಹೊತ್ತಿಗೆ ಕೈ ತಾನಾಗಿ ಮುಗಿಯುತ್ತದೆ. ಮೊಮ್ಮಗ ಅದೇ ಹೊತ್ತಿಗೆ ಆ ಕೂಗನ್ನು ಅನುಕರಿಸಿದರೆ ಮನೆಯಲ್ಲಿ ಮುನಿಸು ಖಂಡಿತ. ದೈವದ ಕೂಗು, ವೇಷ ಅನುಕರಿಸಬೇಡಿ ಎಂದು ಚಿತ್ರತಂಡವೇ ಕೇಳಿಕೊಂಡಿತ್ತು, ಅದನ್ನು ಹುಡುಗರಿಗೆ ಮೊದಲೇ ಹೇಳಿ ಕೂರಿಸಿ. ಮುಜುಗರ ಬರುವುದು ದೈವದ ಭಾಗದಲ್ಲಲ್ಲ, ನಡುವಿನ ಪೋಲಿ ಹಾಸ್ಯದಲ್ಲಿ ಮತ್ತು ನಾಯಕಿಯ ಸೊಂಟ ಚಿವುಟುವಂಥ ಸನ್ನಿವೇಶಗಳಲ್ಲಿ. ಹದಿಹರೆಯದ ಹುಡುಗಿಯರು ಇದನ್ನು ಈಗ ಸುಮ್ಮನೆ ನೋಡಿಕೊಂಡು ಕೂರುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಕೇಳಲಿ.

2025ರ ಅಕ್ಟೋಬರಿನಲ್ಲಿ ಬಂದ ‘ಅಧ್ಯಾಯ 1’ ಕಾಲದಲ್ಲಿ ಹಿಂದಿನದು. ಹೆಸರಿನಲ್ಲಿ ಒಂದು ಇದೆ ಎಂದು ಅದನ್ನೇ ಮೊದಲು ಹಾಕುವ ತಪ್ಪು ಸುಲಭವಾಗಿ ಆಗುತ್ತದೆ. 2022ರದ್ದನ್ನೇ ಮೊದಲು ನೋಡಿ. ಅದರ ಕೊನೆಯಲ್ಲಿ ಉಳಿದ ಪ್ರಶ್ನೆಯನ್ನು ಹಿಡಿದೇ ಹೊಸದು ಹಿಂದಕ್ಕೆ ಹೋಗುತ್ತದೆ. 2022ರ ಚಿತ್ರಕ್ಕೆ ತುಳು ಆವೃತ್ತಿಯೂ ಬಂದಿತ್ತು. ಅಜ್ಜಿ ಮನೆಯಲ್ಲಿ ತುಳುವೇ ಆಡುವವರಾದರೆ ಅದು ಸಿಗುತ್ತದೆಯೇ ಎಂದು ಹುಡುಕಿ.

ಹಾಲಿವುಡ್ಡಿನಲ್ಲಿ ಯಾವುದು, ಎಷ್ಟು ಹೊತ್ತು

ಇಲ್ಲಿ ಮೊದಲ ತೊಡಕು ಭಾಷೆ. ಕನ್ನಡದಲ್ಲಿ ಡಬ್ಬಿಂಗ್ ದಶಕಗಳ ಕಾಲ ನಿಂತೇ ಹೋಗಿತ್ತು. 2015ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಸ್ಪರ್ಧಾ ಆಯೋಗದ ತೀರ್ಪು ಡಬ್ಬಿಂಗ್ ಪರವಾಗಿ ಬಂದು, 2017ರಿಂದ ಮೆಲ್ಲಗೆ ಶುರುವಾಯಿತು. ಆದ್ದರಿಂದ ಹಳೆಯ ಹಾಲಿವುಡ್ ಸರಣಿಗಳು ಅಜ್ಜಿಗೆ ಹೆಚ್ಚಾಗಿ ಹಿಂದಿಯಲ್ಲೇ ಸಿಗುವುದು. ಹೊಸವುಗಳಲ್ಲಿ 2022ರ ‘ಅವತಾರ್’ ಎರಡನೆಯ ಭಾಗ, 2023ರ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಕನ್ನಡದಲ್ಲೂ ತೆರೆಕಂಡವು. ಹೊರನಾಡಿನ ಮಕ್ಕಳಿಗೆ ಕನ್ನಡ ಕೇಳಲು ಬರುತ್ತದೆ, ಓದಲು ಬರುವುದು ಅಪರೂಪ. ಹಾಗಾಗಿ ಮನೆಯಲ್ಲಿ ಹಾಕುವಾಗ ಧ್ವನಿ ಕನ್ನಡ, ಅಡಿಬರಹ ಇಂಗ್ಲಿಷ್. ಅದನ್ನೇ ತಿರುಗಿಸಿದರೆ ಯಾರಿಗೂ ಉಪಯೋಗವಿಲ್ಲ.

ಮೂರು ತಲೆಮಾರಿಗೆ ಮೊದಲ ಆಯ್ಕೆ 1993ರ ‘ಜುರಾಸಿಕ್ ಪಾರ್ಕ್’, 127 ನಿಮಿಷ. 1994ರಲ್ಲಿ ಹಿಂದಿಗೆ ಡಬ್ ಆಗಿ ಇಲ್ಲಿ ಭರ್ಜರಿ ಓಡಿದ್ದರಿಂದ, ಈಗ ನಲವತ್ತು ದಾಟಿದವರಿಗೆ ಅದು ಬಾಲ್ಯದ ನೆನಪು. ಅಷ್ಟು ದೊಡ್ಡ ಹೆಸರಿನ ಆ ಸಿನಿಮಾದಲ್ಲಿ ಡೈನೋಸಾರ್‌ಗಳು ತೆರೆಯ ಮೇಲಿರುವುದು ಒಟ್ಟು 15 ನಿಮಿಷದಷ್ಟು. ಉಳಿದದ್ದೆಲ್ಲ ಕಾಯಿಸುವ ಕಲೆ. ಸುಮಾರು ಒಂದು ಗಂಟೆಯ ಹೊತ್ತಿಗೆ ಮಳೆಯಲ್ಲಿ ಕಾರು ನಿಂತಿರುತ್ತದೆ, ಎದುರಿಗಿಟ್ಟ ಲೋಟದ ನೀರಿನಲ್ಲಿ ಒಂದು ಬಳೆ ಏಳುತ್ತದೆ, ನಿಲ್ಲುತ್ತದೆ, ಇನ್ನೊಂದು ಏಳುತ್ತದೆ. ಆ ಬಳೆಗಳನ್ನು ಎಬ್ಬಿಸಿದ್ದು ಡ್ಯಾಶ್‌ಬೋರ್ಡಿನ ಕೆಳಗೆ ಕಟ್ಟಿ ಮೀಟಿದ ಗಿಟಾರ್ ತಂತಿ. ಒಂದು ಮಾತಿಲ್ಲ, ಭಾಷೆ ಬೇಕಿಲ್ಲ. ಆ ಹೊತ್ತಿನಲ್ಲಿ ಅಜ್ಜಿಯ ಕೈಯೂ ಮೊಮ್ಮಗನ ಕೈಯೂ ಚಕ್ಕುಲಿ ಡಬ್ಬಿಯಲ್ಲಿ ಹಾಗೇ ನಿಂತಿರುತ್ತದೆ.

ಮಕ್ಕಳು ನಿಜಕ್ಕೂ ಹೆದರುವುದು ಆ ದೊಡ್ಡ ಪ್ರಾಣಿಗಲ್ಲ. ಕೊನೆಯ ಭಾಗದಲ್ಲಿ ಇಬ್ಬರು ಮಕ್ಕಳು ಅಡಿಗೆಕೋಣೆಯಲ್ಲಿ ಅಡಗಿರುವಾಗ ರಾಪ್ಟರ್‌ಗಳು ಬಾಗಿಲ ಹಿಡಿ ತಿರುಗಿಸುತ್ತವಲ್ಲ, ಅದಕ್ಕೆ. ಅದಕ್ಕೂ ಮೊದಲು ಹೆಗಲ ಮೇಲೆ ಬೀಳುವ ತುಂಡು ಕೈ ಒಂದಿದೆ. ಏಳರ ಕೆಳಗಿನವರಿದ್ದರೆ ಆ ಎರಡು ಕಡೆ ರಿಮೋಟ್ ಕೈಯಲ್ಲಿರಲಿ. ಇದು ಮುಗಿದ ಮೇಲೆ 1997, 2001ರದ್ದನ್ನು ಬಿಟ್ಟು ನೇರ 2015ರ ‘ಜುರಾಸಿಕ್ ವರ್ಲ್ಡ್’ಗೆ ಹೋಗಿ, ಏನೂ ನಷ್ಟವಿಲ್ಲ. ಪಾರ್ಕಿನ ಒಡೆಯನಾಗಿ ಇರ್ಫಾನ್ ಖಾನ್ ಇದ್ದಾರೆ. ಹಳೆಯ ಮೂವರು ನಟರು ಮರಳಿ ಬರುವ 2022ರ ಭಾಗಕ್ಕೆ ಅದೇ ಆಸೆಯಿಂದ ಕೂತರೆ 147 ನಿಮಿಷದಲ್ಲಿ ಬಹುಪಾಲು ಮಿಡತೆಯ ಹಿಂದೆ ಓಡಬೇಕಾಗುತ್ತದೆ.

ಮಗು ಐದು–ಆರರದ್ದಾದರೆ ‘ಟಾಯ್ ಸ್ಟೋರಿ’. ಮೊದಲನೆಯದು 81 ನಿಮಿಷ, ನಾಲ್ಕೂ ಸೇರಿ ಆರು ಗಂಟೆ ಕಾಲು. ಮಗು ಆಟಿಕೆ ನೋಡುತ್ತದೆ. 2010ರ ಮೂರನೆಯ ಭಾಗದಲ್ಲಿ ಕಾಲೇಜಿಗೆ ಹೊರಟ ಹುಡುಗನ ಖಾಲಿ ಕೋಣೆಯನ್ನು ಅಮ್ಮ ನೋಡುತ್ತಾಳೆ. ಆದರೆ ಮಾತಿನ ವೇಗ ಹೆಚ್ಚು, ಅಜ್ಜ–ಅಜ್ಜಿ ಮಲಗುವುದು ಖಚಿತ. ಅವರೂ ಬೇಕೆಂದರೆ ‘ಲಯನ್ ಕಿಂಗ್’. 1994ರದ್ದು ಕೈಯಲ್ಲಿ ಬಿಡಿಸಿದ 88 ನಿಮಿಷದ ಚಿತ್ರ, 2019ರದ್ದು 118 ನಿಮಿಷ. ಹಿಂದಿಯಲ್ಲಿ ಎರಡನೆಯದಕ್ಕೆ ಶಾರುಖ್ ಖಾನ್ ಮತ್ತು ಮಗ ಆರ್ಯನ್ ಧ್ವನಿ ಕೊಟ್ಟಿದ್ದಾರೆ, ಕೇಳಲು ಚೆಂದ. ನೋಡಲು ಹಳೆಯದೇ. ನಿಜ ಸಿಂಹದಂತೆ ಕಾಣಬೇಕೆಂದು ಹೊಸದರಲ್ಲಿ ಮುಖದ ಭಾವವನ್ನೇ ಕಳೆದಿದ್ದಾರೆ, ಅಳುವ ಸಿಂಹಕ್ಕೂ ಆಕಳಿಸುವ ಸಿಂಹಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡರಲ್ಲೂ ತಂದೆ ಸಾಯುವ ದೃಶ್ಯ ಅರ್ಧಕ್ಕೆ ಮೊದಲೇ ಬರುತ್ತದೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಬೇರೆ ಆರಿಸಿ.

ಹ್ಯಾರಿ ಪಾಟರ್‌ನಲ್ಲಿ ಆಗುವ ತಪ್ಪು ವೇಗದ್ದು. ಎಂಟು ಭಾಗ ಸೇರಿ ಹತ್ತೊಂಬತ್ತೂವರೆ ಗಂಟೆಯ ಮೇಲೆ. ಹತ್ತು ವರ್ಷದಲ್ಲಿ ಬಂದದ್ದನ್ನು ದೀಪಾವಳಿ ರಜೆಯ ಹತ್ತು ದಿನದಲ್ಲಿ ಮುಗಿಸುತ್ತಾರೆ. ಆ ಸರಣಿ ನೋಡುಗನ ಜೊತೆ ಬೆಳೆಯಲೆಂದೇ ಮಾಡಿದ್ದು. ಅಮೆರಿಕದಲ್ಲೂ ಮೊದಲ ಮೂರಕ್ಕಿಂತ ನಾಲ್ಕನೆಯದಕ್ಕೆ ಬಿಗಿಯಾದ ದರ್ಜೆ ಸಿಕ್ಕಿತು. ಅದರ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಸಾಯುತ್ತಾನೆ. ಎಂಟರ ಮಗುವಿಗೆ ಈ ರಜೆಯಲ್ಲಿ ಎರಡು, ಮುಂದಿನ ರಜೆಗೆ ಮೂರನೆಯದು, ಹತ್ತು ದಾಟಿದ ಮೇಲೆ ಉಳಿದದ್ದು. ಅಜ್ಜಿಗೆ ಮೊದಲ ಎರಡು ಹಿಡಿಸಬಹುದು: ಅನಾಥ ಹುಡುಗ, ಕಾಟ ಕೊಡುವ ದೊಡ್ಡಮ್ಮ, ಅಡಗೂಲಜ್ಜಿ ಕಥೆಯ ಎಲ್ಲ ಸಾಮಾನೂ ಇದೆ.

‘ಸ್ಪೈಡರ್‌ವರ್ಸ್’ 140 ನಿಮಿಷ, ಅದರಲ್ಲಿ ಮುಂಬೈಯನ್ನೂ ಮ್ಯಾನ್‌ಹಟನ್ನನ್ನೂ ಕಲೆಸಿ ಮಾಡಿದ ‘ಮುಂಬ್ಯಾಟನ್’ ಎಂಬ ಊರು, ಪವಿತ್ರ ಪ್ರಭಾಕರ್ ಎಂಬ ನಮ್ಮ ಹುಡುಗ. ಹದಿಹರೆಯದವರು ಕುಣಿಯುತ್ತಾರೆ. ಬಣ್ಣ, ವೇಗ ಎರಡೂ ಹಿರಿಯರ ಕಣ್ಣಿಗೆ ಹೆಚ್ಚಾಯಿತು, ಮೇಲಾಗಿ ಕಥೆ ನಡುವೆಯೇ ‘ಮುಂದುವರಿಯುವುದು’ ಎಂದು ನಿಲ್ಲುತ್ತದೆ.

ಮಾರ್ವೆಲ್ ಕಂತಿನ ಸಾಲದಂತೆ. 2019ರ ‘ಎಂಡ್‌ಗೇಮ್’ ಅರ್ಥವಾಗಲು ಹಿಂದಿನ 21 ಬೇಕು. ಹೊಸಬರನ್ನು ಸೇರಿಸಲೇಬೇಕಿದ್ದರೆ ‘ಐರನ್ ಮ್ಯಾನ್’, ಮೊದಲ ‘ಅವೆಂಜರ್ಸ್’, ‘ಗಾರ್ಡಿಯನ್ಸ್’, ‘ಸಿವಿಲ್ ವಾರ್’, ‘ಬ್ಲ್ಯಾಕ್ ಪ್ಯಾಂಥರ್’, ‘ಇನ್ಫಿನಿಟಿ ವಾರ್’, ‘ಎಂಡ್‌ಗೇಮ್’ ಈ ಏಳು ಸಾಕು, ಸುಮಾರು 17 ಗಂಟೆ. ಅಪ್ಪ–ಮಕ್ಕಳಿಗೆ ಮಳೆಗಾಲದ ಕೆಲಸ. ಅಜ್ಜಿಯನ್ನು ಎಳೆಯಬೇಡಿ. ‘ಸ್ಟಾರ್ ವಾರ್ಸ್’ ಅಂತೂ ನಮ್ಮ ಹಿರಿಯರ ಯಾವ ನೆನಪಿನಲ್ಲೂ ಇಲ್ಲ; ನೋಡಲೇಬೇಕಾದರೆ 1977, 1980, 1983 ಎಂದು ಬಂದ ಕ್ರಮದಲ್ಲೇ. ಕಥೆಯ ಕ್ರಮವೆಂದು 1999ರದ್ದರಿಂದ ಶುರು ಮಾಡಿದರೆ 1980ರ ದೊಡ್ಡ ಗುಟ್ಟು ಮೊದಲೇ ಒಡೆಯುತ್ತದೆ.

ಥಿಯೇಟರಿಗೆ ಹೋಗುವುದಾದರೆ

ಮಾಟುಂಗಾದ ಅರೋರಾ ದಕ್ಷಿಣದ ಸಿನಿಮಾಗಳಿಗೆ ಹೆಸರಾಗಿದ್ದ ಕಾಲ ಬೇರೆ. ಈಗ ಕನ್ನಡ ಸಿನಿಮಾ ಮಲ್ಟಿಪ್ಲೆಕ್ಸಿನಲ್ಲೇ ಸಿಗಬೇಕು, ಆಟಗಳು ಕಡಿಮೆ. ದೊಡ್ಡ ಕನ್ನಡ ಸಿನಿಮಾ ಬಂದಾಗ ಹಿಂದಿ ಆವೃತ್ತಿಯ ಆಟಗಳೇ ಮೇಲೆ ಕಾಣುವುದರಿಂದ, ಆ್ಯಪ್‌ನಲ್ಲಿ ಭಾಷೆ ನೋಡದೆ ಐದು ಟಿಕೆಟ್ ಒತ್ತಿಬಿಡುವುದು ಸುಲಭ. ಹಣ ಕಟ್ಟುವ ಮೊದಲು ‘ಕನ್ನಡ’ ಎಂದಿದೆಯೇ ಎಂದು ಇನ್ನೊಮ್ಮೆ ನೋಡಿ.

ಮೂರು ದಾಟಿದ ಮಗುವಿಗೆ ಮಲ್ಟಿಪ್ಲೆಕ್ಸುಗಳು ಸಾಮಾನ್ಯವಾಗಿ ಪೂರ್ತಿ ಟಿಕೆಟ್ ಕೇಳುತ್ತವೆ. 2024ರಿಂದ ಸೆನ್ಸಾರ್ ಪತ್ರದಲ್ಲಿ ಯುಎ ದರ್ಜೆಗೆ 7+, 13+, 16+ ಎಂಬ ವಿಂಗಡಣೆ ಬಂದಿದೆ, ಅದನ್ನು ಗಮನಿಸಿ. ಹಳೆಯ ಸಿನಿಮಾಗಳಲ್ಲಿ ಬರೀ ಯುಎ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಎ’ ಇದ್ದರೆ ಹದಿನೆಂಟಾಗದವರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಹೊತ್ತಿನ ಲೆಕ್ಕಕ್ಕೆ ಸಿನಿಮಾದ ನಿಮಿಷಗಳಿಗೆ ಅರ್ಧ ಗಂಟೆ ಸೇರಿಸಿ: ಜಾಹೀರಾತು, ಇಂಟರ್ವಲ್. 192 ನಿಮಿಷದ ‘ಅವತಾರ್’ ಎರಡನೆಯ ಭಾಗವೆಂದರೆ ಹತ್ತಿರಹತ್ತಿರ ಮೂರೂಮುಕ್ಕಾಲು ಗಂಟೆ. ಎಪ್ಪತ್ತು ದಾಟಿದವರಿಗೆ ನಡುದಾರಿಯ ಪಕ್ಕದ ಸೀಟು ಬೇಕು, ನಡುವಿನದು ಬೇಡ; ಸಾಲಿನಲ್ಲಿ ಕೂತವರ ಕಾಲುಗಳನ್ನೆಲ್ಲ ದಾಟಿ ಶೌಚಕ್ಕೆ ಹೋಗುವ ಸಂಕೋಚಕ್ಕೆ ಅವರು ನೀರೇ ಕುಡಿಯುವುದಿಲ್ಲ. ಕೆಲವು ತೆರೆಗಳಿಗೆ ಪ್ರವೇಶ ಕೆಳಗಿನಿಂದ, ಮೇಲಿನ ಸಾಲಿಗೆ ಕತ್ತಲೆಯಲ್ಲಿ ಮೆಟ್ಟಿಲು ಹತ್ತಬೇಕು. ಗೊತ್ತಿಲ್ಲದ ಥಿಯೇಟರ್ ಆದರೆ ದೀಪ ಆರುವ ಹತ್ತು ನಿಮಿಷ ಮೊದಲು ಒಳಗಿರಿ. ಕನ್ನಡಕದವರಿಗೂ ಆರರ ಕೆಳಗಿನ ಮಕ್ಕಳಿಗೂ 3ಡಿ ಕನ್ನಡಕ ನಿಲ್ಲುವುದಿಲ್ಲ, 2ಡಿ ಆಟವನ್ನೇ ಹುಡುಕಿ.

ಮನೆಯಲ್ಲಾದರೆ ಹಿರಿಯರ ದೂರು ಒಂದೇ: ಹೊಡೆದಾಟ ಕಿವಿ ಒಡೆಯುತ್ತದೆ, ಮಾತು ಕೇಳುವುದಿಲ್ಲ. ಟಿವಿಯ ಧ್ವನಿ ಸೆಟ್ಟಿಂಗ್‌ನಲ್ಲಿ ಮಾತನ್ನು ಎತ್ತಿ ಕೊಡುವ ಆಯ್ಕೆ ಅಥವಾ ರಾತ್ರಿಯ ಆಯ್ಕೆ ಹಾಕಿದರೆ ಸರಿಹೋಗುತ್ತದೆ. ಮೂರು ಗಂಟೆಯದ್ದನ್ನು ಎರಡು ರಾತ್ರಿಗೆ ಹಂಚಿ. ನಮ್ಮ ಸಿನಿಮಾಗಳಲ್ಲಿ ಇಂಟರ್ವಲ್ ಎಲ್ಲಿ ಎಂದು ಕಥೆಯೇ ಹೇಳುತ್ತದೆ. ಹಾಲಿವುಡ್ಡಿನದಕ್ಕೆ ಆ ಜಾಗವೇ ಇರುವುದಿಲ್ಲ, ಒಂದು ದೊಡ್ಡ ಗದ್ದಲ ಮುಗಿದು ಎಲ್ಲರೂ ಉಸಿರು ಬಿಡುವ ಕಡೆ ನಿಲ್ಲಿಸಿ.

ಯಾರೂ ನೆನೆಯದ ಒಂದು ಆಯ್ಕೆ

ಬಾಂಡ್ ಬೇಕು ಎನ್ನುವ ಅಪ್ಪಂದಿರಿಗೆ, ಮುದ್ದಾಟದ ದೃಶ್ಯಕ್ಕೆ ರಿಮೋಟ್ ಹುಡುಕುವ ಕಷ್ಟವಿಲ್ಲದ ಬಾಂಡ್ ಕನ್ನಡದಲ್ಲೇ ಇದ್ದಾನೆ. ರಾಜ್‌ಕುಮಾರ್ ಅವರ ಸಿ.ಐ.ಡಿ. 999, ದೊರೈ–ಭಗವಾನ್ ಜೋಡಿಯದ್ದು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಗೋವಾ ಬಿಡುಗಡೆಯಾಗಿ ಏಳು ವರ್ಷಕ್ಕೇ ಅಲ್ಲಿಗೆ ಹೋದ ಕನ್ನಡದ ಗೂಢಚಾರ. ಪಣಜಿಯಲ್ಲಿ ಮನೆ ಮಾಡಿದವರು ಎರಡನೆಯದನ್ನು ಆ ಕಾರಣಕ್ಕೇ ನೋಡಬಹುದು. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದೂ ಅದರಲ್ಲೇ.

ಮಕ್ಕಳಿಗೆ ಹಳೆಯ ಕಪ್ಪು–ಬಿಳುಪಿನಿಂದ ಶುರು ಮಾಡಬೇಡಿ. 1978ರ ಬಣ್ಣದ್ದನ್ನು ಹಾಕಿ. ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡುವ ‘ಇಫ್ ಯು ಕಮ್ ಟುಡೇ’ ಇರುವುದು ಇದರಲ್ಲೇ. ಆ ಹಾಡು ಹುಡುಗರಿಗೆ ರೀಲ್ಸ್‌ನಿಂದ ಬಾಯಿಪಾಠ, ಆದರೆ ಯಾವ ಸಿನಿಮಾದ್ದು ಎಂದು ಗೊತ್ತಿರುವುದಿಲ್ಲ. ಹಾಡು ಬರುತ್ತದೆ ಎಂದಷ್ಟೇ ಹೇಳಿ ಕೂರಿಸಿ, ಎಲ್ಲಿ ಬರುತ್ತದೆ ಎಂದು ಹೇಳಬೇಡಿ. ಅದು ಮುಗಿದ ಮೇಲೆ ಅವರು ಎದ್ದರೆ ಏಳಲಿ. ಅಜ್ಜ ಹೇಗೂ ಕೊನೆಯವರೆಗೂ ಕೂತಿರುತ್ತಾರೆ.